ಕುಣಿಯಲಾರದವರಿಗೆ ಕೂದಲು ಡೊಂಕು

ಕೂದಲ ಬಗ್ಗೆ ಒಂದು ಪೋಸ್ಟಾ ಅಂತ ನಗಬೇಡಿ. ದಟ್ಟವಾದ, ಅಲೆ ಅಲೆ ಕೂದಲಿರುವ ಹೆಣ್ಮಕ್ಕಳು ನಮ್ಮೂರಲ್ಲಿ ದುಡ್ಡು ಕೊಟ್ಟು ಬೈಸಿಕೊಂಡು ಬರ್ತಾರೆ. ಅದಕ್ಕೇ ಇದನ್ನ ಬರೀತಿದೀನಿ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ... ಈ ಕಡೆ ನಾನು ಹತ್ತಿದ ಪಾರ್ಲರುಗಳಲ್ಲೆಲ್ಲ ಡೈಲಾಗ್ ಒಂದೇ. "ಮೇಡಂ, ನಿಮ್ ಹೇರ್ ತುಂಬಾ ರಫ್ ಇದೆ, ಸ್ಮೂತನಿಂಗ್ ಮಾಡಿಸ್ಬಿಡಿ." ಅಲ್ಲಾರೀ, ನಾನು ಕೇಳಿದ್ದು ಹೇರ್ ಕಟ್. ನನ್ನ ಕೂದಲಿಗೆ ಕಾಯಿಲೆ ಇದೆ ಅಂತ ನಾನು ಯಾವಾಗ ಹೇಳಿದೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕತ್ತರಿಸೋಕೆ ಬರದವರು ಕೂದಲೇ ಡೊಂಕು ಅಂತಿದಾರೆ, ಅಷ್ಟೇ. ಪ್ರೋಗ್ರಾಂ ಬರೆಯೋಕೆ ಬರದವನು ಕಂಪ್ಯೂಟರನ್ನೇ ಬದಲಾಯಿಸಿ ಅಂದ ಹಾಗೆ!

ಅಲೆಗೂದಲಿನ ಲೆಕ್ಕ ಅಂಥ ಕಷ್ಟದ್ದೇನಲ್ಲ. ಒದ್ದೆಯಾದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗಿ ಅದು ಉದ್ದಕ್ಕೆ ಇಳಿಯುತ್ತೆ. ಒಣಗಿದ ಮೇಲೆ ಸುರುಳಿ ಮೇಲೇರುತ್ತೆ. ಹಾಗಾಗಿ ಒದ್ದೆ ಕೂದಲನ್ನ ಎಳೆದು ಹಿಡಿದು ಭುಜಕ್ಕೆ ಸರಿಯಾಗಿ ಕತ್ತರಿಸಿದರೆ, ಮನೆಗೆ ಬರೋ ಹೊತ್ತಿಗೆ ಕಿವಿ ಹತ್ತಿರ ಹೋಗಿರುತ್ತೆ. ಒಣಗಿದ ಕೂದಲನ್ನೇ ಕತ್ತರಿಸಬೇಕು ಅಂತ ಲೊರೇನ್ ಮ್ಯಾಸಿ ತಮ್ಮ 'ಕರ್ಲಿ ಗರ್ಲ್' ಪುಸ್ತಕದಲ್ಲಿ 2001ರಲ್ಲೇ ಹೇಳಿದ್ದರು.

ಇನ್ನು ಆಕಾರ. ಎಲ್ಲಾ ಒಂದೇ ಮಟ್ಟಕ್ಕೆ ಕತ್ತರಿಸಿದರೆ ನೆತ್ತಿ ಚಪ್ಪಟೆ, ಕೆಳಗೆ ಕೊಡೆ. ಗಿಡ್ಡ ಗಿಡ್ಡ ಸ್ಟೆಪ್ ಕಟ್ ಮಾಡಿದರೆ ಮೇಲೊಂದು ಪೊದೆ. "ತುಂಬಾ ದಟ್ಟ ಇದೆ" ಅಂತ ಹಲ್ಲಿನ ಕತ್ತರಿ ಆಡಿಸಿದರೋ, ಒಳಗಿನ ಗಿಡ್ಡ ಕೂದಲು ಎರಡು ವಾರಕ್ಕೆ ಮೇಲಿನದನ್ನ ಎತ್ತಿ ನಿಲ್ಲಿಸುತ್ತೆ. ಭುಜದಿಂದ ಕೆಳಗಿನ ಉದ್ದ, ಗಲ್ಲದ ಕೆಳಗಿಂದ ಶುರುವಾಗೋ ಉದ್ದುದ್ದ ಲೇಯರ್, ಅಂಚು ಯೂ ಆಕಾರ. ಹೆಚ್ಚಿನವರಿಗೆ ಇಷ್ಟು ಸಾಕು. ಹುಡುಗರಿಗೂ ಅಷ್ಟೇ: ಮೇಲ್ಗಡೆ ಸುರುಳಿ ಕೂರುವಷ್ಟು ಉದ್ದ ಬಿಟ್ಟು ಪಕ್ಕದಲ್ಲಿ ಕತ್ತರಿಯಲ್ಲೇ ಇಳಿಸಿದರೆ ಚೆಂದ. ಕಟಿಂಗ್ ಶಾಪಿನವರು ಬಾಯಿ ತೆರೆಯೋಕೆ ಮುಂಚೆ ಮೆಷಿನ್ ಆನ್ ಮಾಡಿರ್ತಾರೆ, ಅದು ಬೇರೆ ಮಾತು :)

ಇದನ್ನ ಕಲಿಯೋ ಬದಲು ಸ್ಮೂತನಿಂಗ್, ಕೆರಾಟಿನ್ ಯಾಕೆ ಮಾರ್ತಾರೆ? ಕಟ್‌ಗೆ ನೂರರ ಲೆಕ್ಕ, ಅದಕ್ಕೆ ಸಾವಿರದ ಲೆಕ್ಕ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ಬುಡದಲ್ಲಿ ಮತ್ತೆ ಅಲೆ, ಮತ್ತೆ ಬಿಲ್.

ದುಡ್ಡು ಹೋದರೆ ಹೋಗಲಿ. ಹಲವು ಕೆರಾಟಿನ್ ಟ್ರೀಟ್‌ಮೆಂಟುಗಳಲ್ಲಿ ಇಸ್ತ್ರಿ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊರಬರುತ್ತೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿತ್ತು. 2011ರಲ್ಲಿ ಅಮೆರಿಕ ಸರ್ಕಾರ ಸಲೂನ್ ಕೆಲಸಗಾರರಿಗೆ ಎಚ್ಚರಿಕೆ ಕೊಟ್ಟಿತು. "ನಮ್ಮದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ ಮೇಡಂ" ಅಂತಾರಾ? ಅಂಥವುಗಳಲ್ಲಿ ಎಷ್ಟೋ ಕಡೆ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತೆ. ಅದಿದ್ದ ಕ್ರೀಂ ಹಚ್ಚಿಸಿಕೊಂಡಾಗಲೆಲ್ಲ, ಮೂರು ಸಲ, 26 ವರ್ಷದ ಹೆಣ್ಮಗಳೊಬ್ಬಳ ಕಿಡ್ನಿಗೆ ಪೆಟ್ಟಾಗಿದ್ದನ್ನ ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದರು. ನಾವು ವರ್ಷಕ್ಕೆರಡು ಸಲ ಹೋಗ್ತೀವಿ. ಕಿಟಕಿಯಿಲ್ಲದ ಎಸಿ ರೂಮಲ್ಲಿ ದಿನವಿಡೀ ಆ ಹೊಗೆ ಕುಡಿಯೋ ಪಾರ್ಲರ್ ಹುಡುಗಿ ಗತಿ?

ನೇರ ಕೂದಲು ಇಷ್ಟ ಅನ್ನೋರು ಮಾಡಿಸಿಕೊಳ್ಳಲಿ, ಅವರಿಷ್ಟ. ಆದರೆ "ನಾಡಿದ್ದು ಹುಡುಗನ ಕಡೆಯವರು ಬರ್ತಾರೆ, ಕೂದಲು ನೆಟ್ಟಗೆ ಮಾಡಿಸ್ಕೊಳ್ಳೇ" ಅನ್ನೋ ಅತ್ತೆ-ಚಿಕ್ಕಮ್ಮಂದಿರಿಗೆ ಒಂದು ಮಾತು. ಗುಂಗುರು, ಮುಂಗುರುಳು ಅಂತ ಮುದ್ದಾದ ಪದ ಇಟ್ಟುಕೊಂಡಿರೋ ಭಾಷೆ ನಮ್ಮದು. 'ಪ್ರೇಮಲೋಕ'ದ ರವಿಚಂದ್ರನ್ ಕೂದಲಿಗೆ 1987ರಲ್ಲಿ ನೀವೇ ಮರುಳಾಗಿದ್ರಲ್ಲ?

ಮುಂದಿನ ಸಲ ಕುರ್ಚಿಯಲ್ಲಿ ಕೂರೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಒಣಗಿದ ಕೂದಲಲ್ಲೇ ಕಟ್ ಮಾಡ್ತೀರಾ?" ಮುಖ ಮುಖ ನೋಡಿದರೆ ಎದ್ದು ಬನ್ನಿ. ಮಾಗಡಿ ರೋಡಿಂದ ಕೆಂಗೇರಿವರೆಗೆ "ಹೂಂ" ಅನ್ನೋ ಒಂದೇ ಒಂದು ಕತ್ತರಿ ಗೊತ್ತಿದ್ರೂ ಕಾಮೆಂಟಲ್ಲಿ ಹಾಕಿ. ಪುಣ್ಯ ಬರುತ್ತೆ.