ಅವ್ವನ ಮಾತೇ ಕಾಯಿಲೆಯೆ?

ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಮ್ಮ ಹಟ್ಟಿಗಳ ಜನ ಬಸ್ಸು ಹತ್ತಿ ಹೋಗುತ್ತಾರೆ. ಕಿವಿ ಕೇಳದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡ ತಾಯಿ, ಲಕ್ವ ಹೊಡೆದು ಮಾತು ಕಳಕೊಂಡ ಅಪ್ಪನನ್ನು ಹಿಡಕೊಂಡ ಮಗ. ಸೀಳು ಅಂಗುಳದ ಮಗುವಿಗೆ ಆಪರೇಷನ್ ಆದಮೇಲೂ ಎಷ್ಟೋ ಸಲ ಗಾಳಿ ಮೂಗಿನಲ್ಲಿ ಸೋರಿ ‘ಪ’, ‘ಬ’ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಎದುರಿಗೆ ಕೂತು ಅದನ್ನು ಕಲಿಸುವ ಸ್ಪೀಚ್ ಥೆರಪಿಸ್ಟರ ತಾಳ್ಮೆಗೆ ನಾವು ಕೈ ಮುಗಿಯುತ್ತೇವೆ. ನಮ್ಮ ಜಗಳ ಆ ವಿದ್ಯೆಯ ಜೊತೆಗಲ್ಲ.

ಅದೇ ವಿದ್ಯೆ ಕಲಿತ ಕೆಲವರು ಈಗ ಬೇರೊಂದು ಅಂಗಡಿ ತೆರೆದಿದ್ದಾರೆ. ರೋಗವಿಲ್ಲದವರ ನಾಲಿಗೆ ತಿದ್ದುವ ಅಂಗಡಿ. ಹೆಸರು ‘ಆಕ್ಸೆಂಟ್ ಕೋಚಿಂಗ್’.

ಅಮೆರಿಕದಲ್ಲಿ ಇದು ಹಳೇ ವ್ಯಾಪಾರ. ಅಲ್ಲಿನ ವಾಕ್ ಚಿಕಿತ್ಸಕರ ಸಂಘ ‘ಆಶಾ’ 1983ರಲ್ಲಿ ಇಂಗ್ಲಿಷಿನ ಯಾವ ಉಪಭಾಷೆಯೂ ರೋಗವಲ್ಲ ಎಂದು ಸಾರಿತು. ಕರಿಯರ ಮಕ್ಕಳ ಮಾತನ್ನು ಕೊರತೆ ಎಂದೇ ಕಂಡ ನಾಡಿನಲ್ಲಿ ಅದು ದೊಡ್ಡ ಮಾತು. ಆದರೆ ಅದೇ ಹೇಳಿಕೆಯಲ್ಲಿ ಒಂದು ಕಿಂಡಿಯನ್ನೂ ಬಿಟ್ಟರು: ತಾವಾಗಿ ಕೇಳಿಕೊಂಡು ಬಂದವರಿಗೆ ಕಲಿಸಬಹುದು. ರೋಗವಲ್ಲವಾದ್ದರಿಂದ ವಿಮೆಯವರು ಸಾಮಾನ್ಯವಾಗಿ ಕಾಸು ಬಿಚ್ಚುವುದಿಲ್ಲ. ವಲಸೆ ಬಂದವನೇ ಜೇಬಿನಿಂದ ತೆರಬೇಕು.

ತಾವಾಗಿ ಕೇಳಿಕೊಂಡು ಬಂದವರಂತೆ! ನಾಲ್ಕು ಇಂಟರ್‌ವ್ಯೂಗಳಲ್ಲಿ ಮುಖ ಸಿಂಡರಿಸಿ ಕಳಿಸಿದ ಮೇಲೆ ಯಾವನು ತಾನಾಗಿ ಬರುವುದಿಲ್ಲ? 2000ದ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳು ನಮ್ಮ ಹುಡುಗ ಹುಡುಗಿಯರಿಗೆ ಬಿಳಿಯರ ಹೆಸರಿಟ್ಟು ಕೂರಿಸಿದವು. ಅವರ ಇಂಗ್ಲಿಷಿನಲ್ಲಿ ಊರು ಕೇಳಿಸಿದರೆ ಅದಕ್ಕೊಂದು ಹೆಸರು: ‘ಎಂ.ಟಿ.ಐ.’ ಮದರ್ ಟಂಗ್ ಇನ್‌ಫ್ಲುಯೆನ್ಸ್. ಟಿ.ಬಿ. ಅಂದ ಹಾಗೇ ಅನ್ನುತ್ತಾರೆ. ನಮ್ಮ ಕನ್ನಡದಲ್ಲಿ ಹೇಳೋದಾದ್ರೆ, ಅವ್ವನ ಮಾತಿನ ಸೋಂಕು.

ಈ ಮಡಿ ನಮಗೆ ಹೊಸದಲ್ಲ. ನಂಜನಗೂಡು, ಚಾಮರಾಜನಗರದ ಕಡೆ ಮಗು ‘ಹಾಲು’ ಅನ್ನಲು ‘ಆಲು’ ಅಂದರೆ ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರುಗಳಿದ್ದರು. ‘ಭಾಷೆ’ ಹೋಗಿ ‘ಬಾಸೆ’ ಆದರೆ ಇಡೀ ಕ್ಲಾಸು ನಗುತ್ತಿತ್ತು. ನಾವೂ ಹಾಗೆ ನಿಂತವರೇ. ಬಹುಪಾಲು ಕನ್ನಡಿಗರ ಸಹಜ ಮಾತಿನಲ್ಲಿ ಮಹಾಪ್ರಾಣವೇ ಇಲ್ಲ ಎಂದು ಡಿ.ಎನ್. ಶಂಕರ ಭಟ್ಟರು ಬರೆದರು. (ಅದನ್ನೂ ಭಟ್ಟರೇ ಹೇಳಬೇಕಾಯಿತು, ನಾವು ಹೇಳಿದ್ದರೆ ಯಾರು ಕೇಳುತ್ತಿದ್ದರು?) ಆ ಸೀಮೆಯ ಕೇರಿಯ ನುಡಿಯಲ್ಲೇ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗು ಮಾತ್ರ ನಿಂತಿಲ್ಲ.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕು. ಅನ್ನ ಕೊಡುವ ಭಾಷೆ ಬೇಡ ಅನ್ನೋಷ್ಟು ಹೊಟ್ಟೆ ತುಂಬಿದವರಲ್ಲ ನಾವು. ಕಲಿಸುವವರು ಮೇಷ್ಟ್ರಾಗಿ ಕಲಿಸಲಿ. 1992ರ ಪುನರ್ವಸತಿ ಮಂಡಳಿ ಕಾಯಿದೆಯ ನೋಂದಣಿಯನ್ನು ಗೋಡೆಗೆ ನೇತುಹಾಕಿ, ಚಿಕಿತ್ಸೆಯ ಕೋಣೆಯಲ್ಲಿ ಕೂರಿಸಿ ಕಲಿಸಿದರೆ ಆ ಹುಡುಗಿಗೆ ಏನನ್ನಿಸಬೇಡ? ಮಾತಾಡಿದ್ದಕ್ಕೂ ಪುನರ್ವಸತಿಯೆ?

ಹಳ್ಳಿಯ ಮೇಷ್ಟ್ರುಗಳೆ, ಮಗು ಆಡಿದ್ದು ಅದರ ಅವ್ವನಿಗೇ, ಜೊತೆಗಾರರಿಗೇ ತಿಳಿಯುತ್ತಿಲ್ಲವೆ? ಹಿಂದಿನಿಂದ ಕೂಗಿದರೆ ತಿರುಗುತ್ತಿಲ್ಲವೆ? ತಡಮಾಡದೆ ಮೈಸೂರಿನ ಬಸ್ಸು ಹತ್ತಿಸಿ. ಕೇರಿಗೆಲ್ಲ ತಿಳಿದು ನಿಮಗೊಬ್ಬರಿಗೇ ತಿಳಿಯದಿದ್ದರೆ ಮಗುವನ್ನು ಬೆಂಚಿನಿಂದ ಇಳಿಸಿ, ನೀವೇ ಒಂದು ವಾರ ಕೇರಿಗೆ ಬಂದು ಕೂತುಕೊಳ್ಳಿ.