ಅಂಕಕ್ಕಾಗಿ ಬರೆದ ಆತ್ಮಾವಲೋಕನ

2025ರ ಫೆಬ್ರವರಿ 1ರಂದು ಸಿಬಿಐ ಹತ್ತು ಜನರನ್ನು ಬಂಧಿಸಿತು. ಆಂಧ್ರದ ಗುಂಟೂರು ಜಿಲ್ಲೆಯ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯವೊಂದಕ್ಕೆ ‘ಎ ಪ್ಲಸ್ ಪ್ಲಸ್’ ಗ್ರೇಡ್ ಕೊಡಿಸಲು ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯ (ನ್ಯಾಕ್) ಪರಿಶೀಲನಾ ತಂಡಕ್ಕೆ ಲಂಚ ಸಂದಾಯವಾಗಿದೆ ಎಂಬುದು ಆರೋಪ. ಸಿಕ್ಕಿಬಿದ್ದವರಲ್ಲಿ ಆ ವಿಶ್ವವಿದ್ಯಾಲಯದ ಕುಲಪತಿ ಇದ್ದರು, ತಂಡದ ಅಧ್ಯಕ್ಷರಿದ್ದರು, ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಇದ್ದರು. ಶೋಧದಲ್ಲಿ ಸುಮಾರು 37 ಲಕ್ಷ ರೂಪಾಯಿ ನಗದು, ಆರು ಲ್ಯಾಪ್‌ಟಾಪ್, ಒಂದು ಐಫೋನ್ ಸಿಕ್ಕಿದವು. ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ಹೇಳಲಿ.

ಇದಕ್ಕೆ ಸುಮಾರು ಎರಡು ವರ್ಷ ಮೊದಲು, 2023ರ ಮಾರ್ಚ್‌ನಲ್ಲಿ, ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಭೂಷಣ್ ಪಟವರ್ಧನ್ ಅವರೇ ಗ್ರೇಡ್ ಕೊಡುವುದರಲ್ಲಿ ಅಕ್ರಮ ನಡೆಯುತ್ತಿದೆ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ (ಯುಜಿಸಿ) ಪತ್ರ ಬರೆದು ಹೊರನಡೆದಿದ್ದರು. ಆಗ ಕಿವಿಗೊಟ್ಟವರು ಕಡಿಮೆ. ಸಿಬಿಐ ಬಂದ ಮೇಲೆ ಎಲ್ಲರೂ ನಾಗರಬಾವಿಯ ನ್ಯಾಕ್ ಕಚೇರಿಯ ಕಡೆ ಬೆರಳು ತೋರಿಸಿದರು. ನನ್ನ ತಕರಾರು ಬೇರೆ. ಲಂಚ ಈ ನಾಟಕದ ಕೊನೆಯ ದೃಶ್ಯ. ಮೊದಲ ದೃಶ್ಯ ನಡೆಯುವುದು ನಮ್ಮ ನಿಮ್ಮ ಊರಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ‘ಸ್ವಯಂ ಅಧ್ಯಯನ ವರದಿ’ ಬರೆಯಲು ಕೂತಾಗ. ಅಲ್ಲಿ ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ. ಆದರೂ ಸುಳ್ಳು ಅಲ್ಲೇ ಶುರುವಾಗುತ್ತದೆ.

ಈ ವರದಿಯಲ್ಲಿ ಸಂಸ್ಥೆ ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕು. ಪಠ್ಯಕ್ರಮ, ಬೋಧನೆ, ಸಂಶೋಧನೆ, ಮೂಲಸೌಕರ್ಯ, ವಿದ್ಯಾರ್ಥಿಗಳಿಗೆ ನೆರವು, ಆಡಳಿತ, ಸಂಸ್ಥೆಯ ಮೌಲ್ಯಗಳು ಎಂಬ ಏಳು ಮಾನದಂಡಗಳಿಗೆ ಒಟ್ಟು 1000 ಅಂಕ. 2017ರ ಪರಿಷ್ಕರಣೆಯ ನಂತರ ಅದರಲ್ಲಿ ಸುಮಾರು ಶೇ 70 ಭಾಗ ಅಂಕಿಅಂಶ ಮತ್ತು ದಾಖಲೆಗಳ ಮೇಲೆ ನಿಂತಿತ್ತು. ಉಳಿದದ್ದು ತಂಡದ ಭೇಟಿಯಲ್ಲಿ ತೀರ್ಮಾನವಾಗುತ್ತಿತ್ತು. ಕೊನೆಗೆ ನಾಲ್ಕಕ್ಕೆ ಇಷ್ಟು ಎಂಬ ಸರಾಸರಿ. 3.51 ಮುಟ್ಟಿದರೆ ‘ಎ ಪ್ಲಸ್ ಪ್ಲಸ್’.

ಆ ಸರಾಸರಿಗೆ ಏನೇನು ಜೋತುಬಿದ್ದಿದೆ ನೋಡಿ. 2018ರ ಯುಜಿಸಿ ನಿಯಮದಂತೆ 3.51 ಪಡೆದ ವಿಶ್ವವಿದ್ಯಾಲಯ ಮೊದಲ ವರ್ಗಕ್ಕೆ ಸೇರಿ, ಸ್ವಂತ ಹಣದಲ್ಲಿ ಹೊಸ ಕೋರ್ಸ್, ಹೊಸ ವಿಭಾಗಗಳನ್ನು ಯುಜಿಸಿ ಅನುಮತಿಗೆ ಕಾಯದೆ ತೆರೆಯಬಹುದು. ಕೇಂದ್ರದ ಕೆಲವು ಅನುದಾನಗಳಿಗೂ ಗ್ರೇಡ್ ಬೇಕು. ಖಾಸಗಿಯವರಿಗೆ ಅದು ಹೆದ್ದಾರಿ ಪಕ್ಕದ ಜಾಹೀರಾತು ಫಲಕ. ಇಷ್ಟೆಲ್ಲ ಪಣಕ್ಕಿಟ್ಟು, ‘ಈಗ ನಿಮ್ಮ ಕುಂದುಕೊರತೆಗಳನ್ನು ಪ್ರಾಮಾಣಿಕವಾಗಿ ಬರೆಯಿರಿ’ ಎಂದರೆ ಬರೆಯುವವರು ಯಾರು?

ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ‘ನ್ಯಾಕ್ ಬರ್ತಿದೆ’ ಎಂಬ ಮಾತು ಎದ್ದ ದಿನದಿಂದ ಪಾಠ ಎರಡನೆಯ ಕೆಲಸವಾಯಿತು. ಐದು ವರ್ಷಗಳ ಸಭಾ ನಡಾವಳಿ ಬರೆಯಬೇಕಿತ್ತು. ಸಭೆಗಳು ನಡೆದಿರಲಿಲ್ಲ, ಪುಸ್ತಕ ಮಾತ್ರ ಬೇಕಿತ್ತು. ಒಬ್ಬರೇ ಕೂತು ಒಂದೇ ನೀಲಿ ಪೆನ್ನಿನಲ್ಲಿ ಎರಡು ವರ್ಷದ್ದು ಬರೆದು ಮುಗಿಸಿದ ಮೇಲೆ ಹಿರಿಯರೊಬ್ಬರು ಬಂದು, ‘ಏನ್ರೀ ಇದು, ವರ್ಷಕ್ಕೊಂದು ಪೆನ್ನಾದರೂ ಬದಲಾಯಿಸಿ’ ಎಂದರು. ಅಂತಿಮ ವರ್ಷದ ಹುಡುಗಿಯರಲ್ಲಿ ದುಂಡಗೆ ಬರೆಯುವವರನ್ನು ಲೈಬ್ರರಿಗೆ ಕರೆಸಿ, ಚಿತ್ರಾನ್ನ ಕೊಟ್ಟು, ‘ವಿದ್ಯಾರ್ಥಿಗಳ ಅಭಿಪ್ರಾಯ’ದ ಕಟ್ಟುಗಟ್ಟಲೆ ಹಾಳೆಗಳನ್ನು ತುಂಬಿಸಲಾಯಿತು. ಜಿಯೋಟ್ಯಾಗ್ ಫೋಟೊ ಬೇಕೆಂದು ಒಂದೇ ಮಧ್ಯಾಹ್ನ ಸಭಾಂಗಣದಲ್ಲಿ ಮೂರು ಕಾರ್ಯಕ್ರಮ ನಡೆದವು. ಹಿಂದಿನ ಬ್ಯಾನರ್ ಮೂರು ಸಲ ಬದಲಾಯಿತು. ಕುರ್ಚಿಯಲ್ಲಿ ಕೂತ ಮಕ್ಕಳು ಬದಲಾಗಲಿಲ್ಲ.

ಅದೇ ಕಾಲೇಜಿನ ಬಿಎಸ್ಸಿ ಮೊದಲ ಸೆಮಿಸ್ಟರಿನ ಹಾಜರಿ ಪುಸ್ತಕದಲ್ಲಿ ದೀಪಾವಳಿ ಕಳೆಯುವ ಹೊತ್ತಿಗೆ ಕೆಂಪು ಗೆರೆ ಎಳೆದ ಹೆಸರುಗಳು ಸಾಲುಸಾಲಾಗಿ ಇರುತ್ತಿದ್ದವು. ಹಾಗೆ ಬಿಟ್ಟುಹೋದವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ, ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು. ಇಂಗ್ಲಿಷಿನಲ್ಲಿ ಬರುವ ಗಣಿತ, ಭೌತಶಾಸ್ತ್ರದ ಪಾಠ ಅವರಿಗೆ ಹತ್ತುತ್ತಿರಲಿಲ್ಲ. ಆ ಕೆಂಪು ಗೆರೆಗಳ ಬಗ್ಗೆ ನಮ್ಮ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಇರಬೇಕೆಂದು ಯಾರೂ ಕೇಳಿರಲೂ ಇಲ್ಲ. ನ್ಯಾಕ್ ನಮೂನೆಯಲ್ಲಿ ಫಲಿತಾಂಶದ ಲೆಕ್ಕವೆಂದರೆ ಅಂತಿಮ ವರ್ಷದ ಪರೀಕ್ಷೆಗೆ ಕೂತವರಲ್ಲಿ ಎಷ್ಟು ಮಂದಿ ಪಾಸಾದರು ಎಂಬುದು. ಮೊದಲ ವರ್ಷವೇ ಬಿಟ್ಟುಹೋದವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅರವತ್ತು ಮಂದಿ ಸೇರಿ, ಇಪ್ಪತ್ತು ಮಂದಿ ಕೊನೆಯವರೆಗೆ ಉಳಿದು, ಹದಿನೆಂಟು ಮಂದಿ ಪಾಸಾದರೆ ಫಲಿತಾಂಶ ಶೇ 90!

ರೋಗ ಇಲ್ಲೇ ಇದೆ. ಸ್ವಯಂ ಅಧ್ಯಯನದ ಹೆಸರಿನಲ್ಲಿ ನಾವು ಕಟ್ಟಡವನ್ನೂ ಕಡತವನ್ನೂ ನೋಡುತ್ತೇವೆ, ಕೋರ್ಸನ್ನು ನೋಡುವುದಿಲ್ಲ. ಈ ಬಿಎಸ್ಸಿ ಯಾರಿಗಾಗಿ? ಸೇರಿದವರು ಎಲ್ಲಿ ಎಡವುತ್ತಾರೆ? ಮುಗಿಸಿದವರು ಎರಡು ವರ್ಷದ ಮೇಲೆ ಏನು ಮಾಡುತ್ತಿದ್ದಾರೆ? ಐದು ವರ್ಷದ ಪ್ರಶ್ನೆಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟರೆ ಎಷ್ಟು ಪ್ರಶ್ನೆ ಮತ್ತೆಮತ್ತೆ ಬಂದಿವೆ? ಒಂದು ವಿಭಾಗ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು.

ಕೋರ್ಸ್‌ವಾರು ಪರಿಶೀಲನೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದೆಯಲ್ಲ ಎನ್ನಬಹುದು. ಇದೆ. ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಸಂಸ್ಥೆಯನ್ನು ಬಿಟ್ಟು ಒಂದೊಂದು ಕೋರ್ಸನ್ನೇ ನೋಡುತ್ತದೆ. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳ ನಡುವೆ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ ಅದರ ತೂಕವೂ ಹೆಚ್ಚಿತು. ಆಶಯ ಒಳ್ಳೆಯದೇ: ವಿದ್ಯಾರ್ಥಿ ಏನು ಕಲಿತ ಎಂಬುದನ್ನು ಅಳೆಯಿರಿ, ಕೊರತೆ ಕಂಡರೆ ಸರಿಪಡಿಸಿ. ಆಗಿದ್ದೇನು? ಪ್ರತಿ ಪ್ರಶ್ನೆಗೂ ಒಂದು ‘ಸಿಒ’ (ಕೋರ್ಸ್ ಔಟ್‌ಕಮ್), ಪ್ರತಿ ಸಿಒಗೂ ಒಂದು ‘ಪಿಒ’ (ಪ್ರೋಗ್ರಾಂ ಔಟ್‌ಕಮ್), ಅವುಗಳ ನಡುವೆ ಒಂದು, ಎರಡು, ಮೂರು ಎಂಬ ಅಂಕಿಗಳ ಕೋಷ್ಟಕ. ಗುರಿಯನ್ನು ವಿಭಾಗವೇ ನಿಗದಿ ಮಾಡಿ, ವರ್ಷದ ಕೊನೆಗೆ ಎಕ್ಸೆಲ್ ಹಾಳೆಯಲ್ಲಿ ಆ ಗುರಿ ಮುಟ್ಟಿದೆ ಎಂದು ತೋರಿಸಿದರೆ ಆಯಿತು. 2.1 ಬಂದದ್ದು 2.3 ಆಗಬೇಕಾದರೆ ಪಾಠ ಬದಲಾಗಬೇಕಿಲ್ಲ, ಕೋಷ್ಟಕದ ಒಂದು ಮನೆ ಬದಲಾದರೆ ಸಾಕು. ಮೇಲಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಹೆಚ್ಚಿನ ಕಾಲೇಜುಗಳಲ್ಲಿ ಪಠ್ಯಕ್ರಮವನ್ನು ಬರೆಯುವುದು ಬೆಳಗಾವಿಯಲ್ಲಿ, ಅದರ ಕೊರತೆಗೆ ಉತ್ತರ ಕೊಡಬೇಕಾದವರು ಕಾಲೇಜಿನವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಪ್ರಾಮಾಣಿಕ ಪರಾಮರ್ಶೆಯ ಅಭ್ಯಾಸವೇ ಇಲ್ಲದ ನಾಡಿನಲ್ಲಿ ಪದವಿ ಶಿಕ್ಷಣದ ಹಣೆಬರಹ ಹೇಗೆ ತೀರ್ಮಾನವಾಗುತ್ತದೆ ಎಂಬುದಕ್ಕೆ ಕರ್ನಾಟಕದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 2021ರ ಆಗಸ್ಟ್‌ನಲ್ಲಿ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ತಂದು, ದೇಶದಲ್ಲಿ ನಾವೇ ಮೊದಲು ಎಂದು ಬೆನ್ನು ತಟ್ಟಿಕೊಂಡಿತು. ಮೊದಲ ಸೆಮಿಸ್ಟರಿನಲ್ಲೇ ‘ಡಿಜಿಟಲ್ ಫ್ಲೂಯೆನ್ಸಿ’ ಬಂತು. ಮಕ್ಕಳ ಸಂಖ್ಯೆಗೆ ತಕ್ಕಷ್ಟು ಕಂಪ್ಯೂಟರ್ ಇಲ್ಲದ ಕಾಲೇಜುಗಳಲ್ಲಿ ಅದನ್ನು ಕಪ್ಪು ಹಲಗೆಯ ಮೇಲೆ ಕಲಿಸಿದ್ದೂ ಆಯಿತು. ಪ್ರವೇಶ, ಪರೀಕ್ಷೆ, ಫಲಿತಾಂಶಗಳನ್ನು ನಿರ್ವಹಿಸುವ ಯುಯುಸಿಎಂಎಸ್ ಪೋರ್ಟಲ್ ಕೈಕೊಟ್ಟು ಫಲಿತಾಂಶಕ್ಕಾಗಿ ಮಕ್ಕಳು ತಿಂಗಳುಗಟ್ಟಲೆ ಕಾದರು. 2023ರಲ್ಲಿ ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ 2024ರ ಮೇನಲ್ಲಿ ಮತ್ತೊಂದು ಆದೇಶ ಬಂದು ಪದವಿ ಮರಳಿ ಮೂರು ವರ್ಷಕ್ಕೆ ಇಳಿಯಿತು. ನಡುವೆ ಸೇರಿದ ಮೂರು ವರ್ಷಗಳ ವಿದ್ಯಾರ್ಥಿಗಳು ಪ್ರಯೋಗಕ್ಕೆ ಸಿಕ್ಕವರಾದರು.

ನಾಲ್ಕು ವರ್ಷ ಸರಿಯೋ ಮೂರು ವರ್ಷ ಸರಿಯೋ ಎಂಬ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ತರುವಾಗಲಾಗಲಿ ತೆಗೆಯುವಾಗಲಾಗಲಿ, ರಾಜ್ಯದ ಯಾವ ವಿಭಾಗಕ್ಕಾದರೂ ‘ನಿಮ್ಮ ಕೋರ್ಸಿನಲ್ಲಿ ನಡೆದದ್ದೇನು ಬರೆದು ಕೊಡಿ, ಜನರ ಮುಂದಿಡುತ್ತೇವೆ’ ಎಂದು ಕೇಳಿದ್ದನ್ನು ಯಾರಾದರೂ ಕಂಡಿದ್ದೀರಾ? ಬಿಜೆಪಿ ತಂದದ್ದನ್ನು ಕಾಂಗ್ರೆಸ್ ತೆಗೆಯಿತು. ಪಾಠ ಮಾಡಿದವರ ಅನುಭವವೂ ಓದಿದವರ ಅನುಭವವೂ ಎರಡೂ ಪಕ್ಷಗಳಿಗೆ ಬೇಕಾಗಲಿಲ್ಲ. 2025ರಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂದಾಗಲೂ ಚರ್ಚೆಯೆಲ್ಲ ದುಡ್ಡು, ಜಾಗ, ಜಿಲ್ಲೆಯ ಮಾನದ ಸುತ್ತಲೇ ಗಿರಕಿ ಹೊಡೆಯಿತು.

ನ್ಯಾಕ್ ಪರವಾಗಿ ಹೇಳುವ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ತಂಡ ಬರುತ್ತದೆಂಬ ಹೆದರಿಕೆಯಿಂದಲೇ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬಂತು, ಮೆಟ್ಟಿಲ ಪಕ್ಕ ರ‍್ಯಾಂಪ್ ಬಂತು, ಲೈಬ್ರರಿಗೆ ಇಂಟರ್‌ನೆಟ್ ಬಂತು. ಅದಕ್ಕೊಂದು ತಪಾಸಣೆ ಇರಲಿ. ಶೌಚಾಲಯ ಇದೆಯೋ ಇಲ್ಲವೋ ಎಂದು ಹೊರಗಿನವರು ಬಂದು ನೋಡಿ ಹೋಗಬಹುದು. ಪಾಠ ಮಕ್ಕಳಿಗೆ ತಲುಪುತ್ತಿದೆಯೋ ಇಲ್ಲವೋ ಎಂಬುದು ಎರಡು ಮೂರು ದಿನಕ್ಕೆ ಬಂದುಹೋಗುವವರಿಗೆ ತಿಳಿಯುವುದಿಲ್ಲ. ಅದು ಗೊತ್ತಿರುವುದು ಒಳಗಿನವರಿಗೆ, ಅವರು ಬಾಯಿ ಬಿಡದಂತೆ ಮಾಡಿರುವುದು ಗ್ರೇಡು.

ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸಿನಂತೆ ಗ್ರೇಡ್ ತೆಗೆದು ‘ಮಾನ್ಯತೆ ಇದೆ, ಇಲ್ಲ’ ಎಂಬ ಎರಡೇ ಮಾತಿನ ಪದ್ಧತಿ ತರುವುದಾಗಿ 2024ರ ಆರಂಭದಲ್ಲಿ ನ್ಯಾಕ್ ಪ್ರಕಟಿಸಿತು. ತೇರ್ಗಡೆಯಾದವರಿಗೆ ಮುಂದೆ ಒಂದರಿಂದ ಐದರವರೆಗೆ ಹಂತಗಳೂ ಇರುತ್ತವಂತೆ. ಗ್ರೇಡಿಗೆ ಹೊಸ ಹೆಸರು ಇಟ್ಟಂತಾಯಿತು. ಮಾಹಿತಿ ಕೊಡುವವರು ಮತ್ತೆ ಸಂಸ್ಥೆಯವರೇ, ಮತ್ತೆ ಪೋರ್ಟಲ್‌ನಲ್ಲೇ. ನಡಾವಳಿ ಬರೆಯುವ ನೀಲಿ ಪೆನ್ನು ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸ್ವಯಂ ಅಧ್ಯಯನವನ್ನು ಅಂಕದಿಂದ ಪೂರ್ತಿ ಬಿಡಿಸಬೇಕು. ಅದಕ್ಕೆ ಗ್ರೇಡೂ ಬೇಡ, ಅನುದಾನದ ನಂಟೂ ಬೇಡ. ಕೊರತೆ ಬರೆದ ವಿಭಾಗಕ್ಕೆ ದಂಡ ಇರಬಾರದು, ಮುಚ್ಚಿಟ್ಟದ್ದು ಗೊತ್ತಾದರೆ ಮಾತ್ರ ಇರಬೇಕು. ಐದು ವರ್ಷಕ್ಕೊಮ್ಮೆ ಪ್ರತಿಯೊಂದು ಕೋರ್ಸಿನ ಪರಾಮರ್ಶೆ ನಡೆಯಲಿ. ಪಠ್ಯಕ್ರಮ ಬರೆಯುವ ಅಧ್ಯಯನ ಮಂಡಳಿಯೂ ಅದಕ್ಕೆ ಹೊಣೆಯಾಗಲಿ, ಭಾರವೆಲ್ಲ ಸಂಯೋಜಿತ ಕಾಲೇಜಿನ ತಲೆಗೆ ಬೀಳುವುದು ಬೇಡ. ತಂಡದಲ್ಲಿ ಬೇರೆ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರು, ಅದೇ ಕೋರ್ಸ್ ಓದಿ ಕೆಲಸಕ್ಕೆ ಸೇರಿದ ಒಬ್ಬರು, ಅರ್ಧಕ್ಕೆ ಬಿಟ್ಟ ಒಬ್ಬರು ಇರಲಿ. ಬಿಟ್ಟವರ ಮಾತೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಇನ್ನು ವರದಿ ಕನ್ನಡದಲ್ಲಿರಬೇಕು. ಈಗಿನ ವರದಿಗಳು ನೂರಾರು ಪುಟದ ಇಂಗ್ಲಿಷಿನಲ್ಲಿ ವೆಬ್‌ಸೈಟಿನ ಮೂಲೆಯಲ್ಲಿ ಬಿದ್ದಿರುತ್ತವೆ. ಮಗಳನ್ನು ಬಿಕಾಂಗೆ ಸೇರಿಸಲು ಬಂದ ತಂದೆಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಕೋರ್ಸಿಗೆ ಇಪ್ಪತ್ತು ಪುಟ ಸಾಕು. ಸೇರಿದವರೆಷ್ಟು, ಉಳಿದವರೆಷ್ಟು, ಪಾಠ ಮಾಡುವವರಲ್ಲಿ ಕಾಯಂ ಎಷ್ಟು, ಅತಿಥಿ ಎಷ್ಟು, ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಉಪಕರಣ ಎಷ್ಟು ಎಂಬುದು ಮೊದಲ ಪುಟದಲ್ಲೇ ಇರಲಿ. ಪ್ರವೇಶಾತಿಯ ದಿನ ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ.

ಕೊನೆಯದು ಸರ್ಕಾರದ ಪಾಲು. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಧರಣಿ ಕೂತಾಗ ಎಷ್ಟೋ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠವೇ ನಿಂತುಹೋಯಿತು. ನಮ್ಮ ಪದವಿ ಶಿಕ್ಷಣ ಯಾರ ಹೆಗಲ ಮೇಲಿದೆ ಎಂಬುದು ಆಗ ಎಲ್ಲರಿಗೂ ಕಂಡಿತು. ಸಂಯೋಜಿತ ಕಾಲೇಜುಗಳಿಗೆ ನ್ಯಾಕ್ ಬೋಧನೆ-ಕಲಿಕೆಗೆ 350 ಅಂಕ ಇಟ್ಟಿತ್ತು. ಕಾಯಂ ಹುದ್ದೆ ತುಂಬದವರು ವಿಧಾನಸೌಧದಲ್ಲಿದ್ದಾರೆ, ಅಂಕ ಕಳೆದುಕೊಳ್ಳುವವರು ತಾಲ್ಲೂಕಿನ ಕಾಲೇಜಿನವರು. ಆದ್ದರಿಂದ ವಿಭಾಗ ತನ್ನ ಕೊರತೆ ಬರೆದ ಆರು ತಿಂಗಳೊಳಗೆ ಉನ್ನತ ಶಿಕ್ಷಣ ಇಲಾಖೆ ಒಂದೊಂದಕ್ಕೂ ಲಿಖಿತ ಉತ್ತರ ಕೊಡಬೇಕು: ತುಂಬುತ್ತೇವೆ, ಇಂಥ ದಿನದೊಳಗೆ, ಅಥವಾ ತುಂಬುವುದಿಲ್ಲ, ಇಂಥ ಕಾರಣಕ್ಕೆ. ಆ ಉತ್ತರವೂ ಅದೇ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಸರ್ಕಾರ ಇದಕ್ಕೆ ಒಪ್ಪದಿದ್ದರೆ ಮೇಷ್ಟ್ರುಗಳಿಂದ ಸ್ವಯಂ ಅಧ್ಯಯನ ಬರೆಸುವ ನೈತಿಕ ಹಕ್ಕು ಅದಕ್ಕಿಲ್ಲ.

ಇದನ್ನು ಓದುತ್ತಿರುವ ತಂದೆತಾಯಿಗಳಿಗೆ ಒಂದು ಮಾತು. ಪ್ರವೇಶಾತಿಗೆಂದು ಕಾಲೇಜಿಗೆ ಹೋದಾಗ ಗೇಟಿನ ಮೇಲಿನ ಗ್ರೇಡ್ ಓದಿ ಸುಮ್ಮನಾಗಬೇಡಿ. ಪ್ರಿನ್ಸಿಪಾಲರ ಎದುರು ಕೂತು, ‘ಮೂರು ವರ್ಷದ ಹಿಂದೆ ಈ ಕೋರ್ಸಿಗೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಎಷ್ಟು ಜನ ಮುಗಿಸಿದರು ಸಾರ್’ ಎಂದು ಕೇಳಿ. ಉತ್ತರ ಕೊಡಲಾಗದ ಕಾಲೇಜಿಗೆ ಯಾವ ಗ್ರೇಡ್ ಇದ್ದರೂ ನಂಬಬೇಡಿ.