ಏಜೆಂಟನಿಗೆ ಬೈದಿದ್ದು ಸಾಕು

2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೊದಲ ಮಾತು: "ಸರಿಯಾಗಿ ಆಯ್ತು. ನಲವತ್ತು ಲಕ್ಷ ಇದ್ರೆ ಇಲ್ಲೇ ಏನಾದ್ರೂ ಮಾಡ್ಬಹುದಿತ್ತಲ್ವಾ?" ಕೊಂಚ ಕರುಣೆ ಇದ್ದವರು, "ಪಾಪ, ಏಜೆಂಟ್ ಮೋಸ ಮಾಡಿರ್ತಾನೆ, ಅವನನ್ನ ಒಳಗೆ ಹಾಕ್ಬೇಕು" ಅಂದರು.

ದುರಾಸೆಯವನು, ಮೋಸದ ಏಜೆಂಟ್. ಕಥೆ ಮುಗೀತು, ಊಟಕ್ಕೆ ಹೋಗೋಣ.

ನನ್ನ ತಕರಾರು ಇಲ್ಲಿದೆ. ಈ ಕಥೆಯಲ್ಲಿ ಮೂರನೆಯವನೊಬ್ಬ ಇದ್ದಾನೆ, ಅವನ ಹೆಸರನ್ನೇ ನಾವು ಎತ್ತುವುದಿಲ್ಲ. ಅವನು ದಾರಿ ಮುಚ್ಚಿದವನು. ಹೋಗುವ ಜನರ ಸಂಖ್ಯೆ ಹಾಗೇ ಇದ್ದು ದಾರಿ ಮಾತ್ರ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಅಗಾದೆಜ್‌ಗಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಅಗಾದೆಜ್ ಇರುವುದು ಆಫ್ರಿಕಾದ ನೈಜರ್ ದೇಶದಲ್ಲಿ, ಸಹಾರಾ ಮರುಭೂಮಿಯ ಅಂಚಿನಲ್ಲಿ. ನೂರಾರು ವರ್ಷಗಳಿಂದ ಒಂಟೆಗಳ ಸಾಲು ಉಪ್ಪು ಹೊತ್ತು ಹಾದುಹೋದ ಊರು. ಪಶ್ಚಿಮ ಆಫ್ರಿಕಾದ ದೇಶಗಳ ಒಪ್ಪಂದದ ಪ್ರಕಾರ ಸೆನೆಗಲ್‌ನವನೋ ಘಾನಾದವನೋ ವೀಸಾ ಇಲ್ಲದೆ ಬಸ್ಸು ಹತ್ತಿ ಇಲ್ಲಿಯವರೆಗೆ ಬರಬಹುದಿತ್ತು. ಇಲ್ಲಿಂದ ಮುಂದೆ ಲಿಬಿಯಾಕ್ಕೆ ಟೊಯೋಟಾ ಪಿಕಪ್. ಹಿಂದೆ ಇಪ್ಪತ್ತೈದು ಮೂವತ್ತು ಜನ. ಬೀಳದಂತೆ ಹಿಡಿದುಕೊಳ್ಳಲು ಗಾಡಿಯ ಅಂಚಿಗೆ ಸಿಕ್ಕಿಸಿದ ದೊಣ್ಣೆಗಳು, ಪಕ್ಕದಲ್ಲಿ ನೇತಾಡುವ ನೀರಿನ ಕ್ಯಾನುಗಳು. ಪ್ರತಿ ಸೋಮವಾರ ಈ ಗಾಡಿಗಳು ಸೈನ್ಯದ ಬೆಂಗಾವಲಿನ ಜೊತೆ ಸಾಲಾಗಿ ಹೊರಡುತ್ತಿದ್ದವು. ಕದ್ದುಮುಚ್ಚಿ ಏನೂ ಇರಲಿಲ್ಲ ಮಾರಾಯ್ರೆ, ಎಲ್ಲರ ಕಣ್ಣೆದುರೇ. ನಮ್ಮೂರಿನಲ್ಲಿ ಸಂತೆ ದಿನ ಜನ ತುಂಬಿಸಿಕೊಂಡು ಹೋಗುವ ಟೆಂಪೋದವನು ಹೇಗೋ, ಅಲ್ಲಿನ ಡ್ರೈವರ್ ಹಾಗೆ.

2015ರ ಮೇ ತಿಂಗಳಲ್ಲಿ ನೈಜರ್ ಒಂದು ಕಾನೂನು ತಂದಿತು, ಆ ಡ್ರೈವರ್ ಕಳ್ಳಸಾಗಣೆದಾರನಾದ. ಕಾನೂನಿನ ಹಿಂದೆ ಯುರೋಪಿನ ಒತ್ತಾಯವಿತ್ತು, ದುಡ್ಡೂ ಇತ್ತು. 2016ರ ಮಧ್ಯದಿಂದ ಗಾಡಿಗಳನ್ನು ವಶಪಡಿಸಿಕೊಂಡರು, ಡ್ರೈವರ್‌ಗಳು ಜೈಲಿಗೆ ಹೋದರು. ಅದೇ ವರ್ಷ ವಿಶ್ವಸಂಸ್ಥೆಯ ವಲಸೆ ಸಂಸ್ಥೆ ನೈಜರ್‌ನಿಂದ ಉತ್ತರಕ್ಕೆ ಹೊರಟ 3 ಲಕ್ಷಕ್ಕೂ ಹೆಚ್ಚು ಜನರನ್ನು ಲೆಕ್ಕ ಹಾಕಿತ್ತು. ಮರುವರ್ಷ ಆ ಲೆಕ್ಕ ಭಾರೀ ಇಳಿಯಿತು. ಬ್ರಸೆಲ್ಸ್‌ನಲ್ಲಿ ಇದನ್ನು ಯಶಸ್ಸು ಅಂದರು.

ಲೆಕ್ಕ ಹಾಕುತ್ತಿದ್ದ ಜಾಗಗಳು ಇದ್ದದ್ದು ಹಳೇ ದಾರಿಯಲ್ಲಿ. ಗಾಡಿಗಳು ಆ ದಾರಿಯನ್ನೇ ಬಿಟ್ಟಿದ್ದವು. ಮಾನಿಟರಿಂಗ್ ಹಾಕಿದ ಸರ್ವರ್‌ಗೆ ಟ್ರಾಫಿಕ್ ಬರ್ತಿಲ್ಲ ಅಂತ ಖುಷಿಪಡುವ ಮ್ಯಾನೇಜರ್‌ಗಳನ್ನು ನಾವು ನೋಡಿದ್ದೇವಲ್ಲ, ಹಾಗೆ. ಸೈನ್ಯದ ಕಣ್ಣು ತಪ್ಪಿಸಬೇಕೆಂದರೆ ಬಾವಿಗಳಿರುವ ದಾರಿಯನ್ನೂ ತಪ್ಪಿಸಬೇಕಿತ್ತು, ಯಾಕೆಂದರೆ ಪೊಲೀಸರು ಕಾಯುತ್ತಿದ್ದದ್ದೇ ಬಾವಿಯ ಹತ್ತಿರ. ಗಸ್ತು ಕಂಡರೆ ಡ್ರೈವರ್ ಜನರನ್ನು ಮರಳಿನಲ್ಲಿಳಿಸಿ ಓಡಿಹೋಗುತ್ತಿದ್ದ. 2017ರ ಬೇಸಿಗೆಯಲ್ಲಿ ಗಾಡಿ ಕೆಟ್ಟು 44 ಜನ ಬಾಯಾರಿ ಸತ್ತರು, ಅದರಲ್ಲಿ ಕೂಸುಗಳೂ ಇದ್ದವು. ಮೊದಲು ಸಾಯುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. 2013ರಲ್ಲೇ ಅದೇ ಮರುಭೂಮಿಯಲ್ಲಿ 92 ಹೆಣ ಸಿಕ್ಕಿದ್ದವು. ಆದರೆ ಸೋಮವಾರದ ಸಾಲಿನಲ್ಲಿ ಒಂದು ಗಾಡಿ ಕೆಟ್ಟರೆ ಹಿಂದೆ ಇನ್ನೊಂದು ಇರುತ್ತಿತ್ತು. ಆ ಸಾಲೇ ಇಲ್ಲವಾಯಿತು.

ದರ ಏರಿತು. ಹೆದರಿದ ಡ್ರೈವರ್‌ಗಳು ಕೆಲಸ ಬಿಟ್ಟರು. ಉಳಿದವನು ಯಾರು? ಲಂಚ ಕೊಡಬಲ್ಲವನು, ಬಂದೂಕು ಇಟ್ಟುಕೊಂಡವನು, ಆ ಕಡೆ ಲಿಬಿಯಾದ ಬನಿ ವಲೀದ್‌ನಲ್ಲಿ ಜನರನ್ನು ಕೂಡಿಹಾಕಿ, ಹೊಡೆಯುವ ಸದ್ದನ್ನು ಮನೆಯವರಿಗೆ ಫೋನಿನಲ್ಲಿ ಕೇಳಿಸಿ ದುಡ್ಡು ಕೀಳುವವನ ಜೊತೆ ವ್ಯವಹಾರ ಇದ್ದವನು.

ಇದೇ ಕಥೆ ಅಮೆರಿಕದ್ದೂ. 1994ರಲ್ಲಿ 'ಆಪರೇಷನ್ ಗೇಟ್‌ಕೀಪರ್' ಅಂತ ಸ್ಯಾನ್ ಡಿಯಾಗೊ ಕಡೆ ಬೇಲಿ ಬಿಗಿ ಮಾಡಿದರು. ಜನ ಅರಿಝೋನಾದ ಮರುಭೂಮಿಗೆ ತಿರುಗಿದರು. ತಾವೇ ನಡೆದೋ, ಊರಿನ ಪರಿಚಯದ ಕೊಯೊಟೆಗೆ ಕೆಲವು ನೂರು ಡಾಲರ್ ಕೊಟ್ಟೋ ದಾಟುತ್ತಿದ್ದ ಗಡಿಗೆ ಸಾವಿರಗಟ್ಟಲೆ ಡಾಲರ್ ಬೇಕಾಯಿತು. ಅಷ್ಟು ದುಡ್ಡು ಓಡಾಡುವ ಕಡೆ ಡ್ರಗ್ಸ್ ಗ್ಯಾಂಗುಗಳು ಸುಮ್ಮನಿರುತ್ತವಾ? 2010ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಸ್ಯಾನ್ ಫರ್ನಾಂಡೊದಲ್ಲಿ ಝೆಟಾಸ್ ಗ್ಯಾಂಗು 72 ವಲಸಿಗರನ್ನು ಕೊಂದುಹಾಕಿತು. ಕೊಲಂಬಿಯಾದಿಂದ ಪನಾಮಾಕ್ಕೆ ಹೋಗುವ ಡೇರಿಯನ್ ಕಾಡನ್ನು 2023ರಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ನಡೆದು ದಾಟಿದರು, ಕೊಲಂಬಿಯಾ ಕಡೆ ಸುಂಕ ಎತ್ತಿದ್ದು ಗಲ್ಫ್ ಕ್ಲ್ಯಾನ್. ನಮ್ಮ 'ಡಂಕಿ' ಹುಡುಗರೂ ಇದೇ ಕಾಡಿನಲ್ಲಿ ನಡೆದವರು.

"ನಾವು ಲೀಗಲ್ ಆಗಿ ಹೋಗ್ತೀವಿ, ಅವರಿಗೇನು ರೋಗ?" ಅಂತ ಕೇಳುವವರಿಗೆ ಒಂದು ಮಾತು. ನಮಗೆ ಹೋಗಲು ಒಂದು ಸಾಲು ಇದೆ, ಉದ್ದವಾದರೂ ಇದೆ. ಬಿಇ ಮಾಡಿದ್ದಕ್ಕೆ ನನಗೆ ಆ ಸಾಲು ಸಿಕ್ಕಿತು, ನನ್ನ ಜೊತೆ ಎಸ್ಸೆಸ್ಸೆಲ್ಸಿಗೆ ಬಿಟ್ಟವನಿಗೆ ಅಂಥದ್ದೊಂದು ಸಾಲೇ ಇಲ್ಲ. ಅಮೆರಿಕದ ತೋಟಕ್ಕೋ ಕಟ್ಟಡಕ್ಕೋ ಕೈ ಬೇಕು, ಆದರೆ ಹರಿಯಾಣದ ಹುಡುಗ ನಿಜವಾಗಿ ಅರ್ಜಿ ಹಾಕಿ ಪಡೆಯಬಲ್ಲ ವೀಸಾ ಎಲ್ಲಿದೆ ತೋರಿಸಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿಗೆ 1 ಲಕ್ಷ ಡಾಲರ್ ಅಂದಾಗ ನಮ್ಮವರು ಎರಡು ದಿನ ಕೋಡ್ ಬರೆಯದೆ ಕೂಗಾಡಿದರು, ಮೂರನೇ ದಿನ ಕೆನಡಾ, ಜರ್ಮನಿ ಅಂತ ಹುಡುಕತೊಡಗಿದರು. ದಾರಿ ಮುಚ್ಚಿದರೆ ಪಕ್ಕದ ದಾರಿ ಹಿಡಿಯುವುದು ನಮಗೆ ಕೆರಿಯರ್ ಪ್ಲಾನಿಂಗ್, ಅವನಿಗೆ ದುರಾಸೆ!

ಹಾಗಾದರೆ ಗಡಿಗಳನ್ನೆಲ್ಲ ತೆಗೆದುಬಿಡಬೇಕಾ? ನಾನು ಹಾಗನ್ನುತ್ತಿಲ್ಲ. ಜನರನ್ನು ಕೂಡಿಹಾಕಿ ಹೊಡೆಯುವವನನ್ನು ಹಿಡಿಯಲೇಬೇಕು. ಆದರೆ ಅವನ ಗಿರಾಕಿಯನ್ನು ಕಿತ್ತುಕೊಳ್ಳದೆ ಅವನನ್ನು ಹಿಡಿದರೆ ಮಾರನೇ ದಿನ ಇನ್ನೊಬ್ಬ ಅಂಗಡಿ ತೆರೆಯುತ್ತಾನೆ. ಗಿರಾಕಿಯನ್ನು ಕಿತ್ತುಕೊಳ್ಳಬಹುದು ಅನ್ನುವುದಕ್ಕೆ ಸಾಕ್ಷಿ ಇದೆ. 2023ರ ಜನವರಿಯಲ್ಲಿ ಅಮೆರಿಕ ಕ್ಯೂಬಾ, ಹೈಟಿ, ನಿಕರಾಗುವಾ, ವೆನೆಜುವೆಲಾದವರಿಗೆ ತಿಂಗಳಿಗೆ 30,000 ಜನರವರೆಗೆ ವಿಮಾನದಲ್ಲೇ ಬರಲು ಅವಕಾಶ ಕೊಟ್ಟಿತು: ಅಲ್ಲಿ ಜವಾಬ್ದಾರಿ ಹೊರುವವರೊಬ್ಬರು ಇರಬೇಕು, ಇಲ್ಲಿ ಅರ್ಜಿ ಹಾಕಬೇಕು. ಹೀಗೆ ಬರದೆ ಗಡಿ ದಾಟಿದವರನ್ನು ವಾಪಸ್ ಕಳಿಸುವ ಬೆದರಿಕೆಯೂ ಜೊತೆಗಿತ್ತು. ಗಡಿಯಲ್ಲಿ ಸಿಕ್ಕಿಬೀಳುವ ಕ್ಯೂಬಾದವರ ಸಂಖ್ಯೆ ಅದೇ ತಿಂಗಳು ಧಡಕ್ಕನೆ ಬಿತ್ತು. 2025ರಲ್ಲಿ ಹೊಸ ಸರ್ಕಾರ ಬಂದು ಆ ಯೋಜನೆಯನ್ನೇ ನಿಲ್ಲಿಸಿತು.

ನೈಜರ್‌ನಲ್ಲಿ ಉಲ್ಟಾ ಆಯಿತು. 2023ರ ಜುಲೈನಲ್ಲಿ ಅಧಿಕಾರ ಕಿತ್ತುಕೊಂಡ ಸೈನ್ಯಾಧಿಕಾರಿಗಳು ನವೆಂಬರ್‌ನಲ್ಲಿ 2015ರ ಕಾನೂನನ್ನು ರದ್ದು ಮಾಡಿದರು. ಅವರೇನೂ ವಲಸಿಗರ ಮೇಲಿನ ಪ್ರೀತಿಗೆ ಮಾಡಿದ್ದಲ್ಲ, ಯುರೋಪಿನ ಮೇಲಿನ ಸಿಟ್ಟಿಗೆ ಮಾಡಿದ್ದು. ಅಗಾದೆಜ್‌ನ ಡ್ರೈವರ್‌ಗಳಿಗೆ ಆ ವ್ಯತ್ಯಾಸ ಮುಖ್ಯವಾಗಲಿಲ್ಲ. ಅವರು ಮತ್ತೆ ಎಲ್ಲರ ಕಣ್ಣೆದುರೇ, ಸೈನ್ಯದ ಬೆಂಗಾವಲಿನ ಜೊತೆ ಸಾಲಾಗಿ ಗಾಡಿ ಹೊರಡಿಸಿದರು.